ನಾಲ್ಕನೇ ಬುಷ್

'ಕದ್ದಿಲ್ಲ, ಸುಮ್ನ ತಗೊಂಡೀನಿ' ಎಂದು ಅಪೂರ್ವ ಮನಸ್ಸಿನಲ್ಲೇ ಮೂರನೇ ಸಲ ಹೇಳಿಕೊಂಡಳು. ಮೂರು ಸಲ ಹೇಳಿಕೊಂಡರೂ ಅದು ನಿಜ ಅನ್ನಿಸಲಿಲ್ಲ. ಫ್ರಾಕಿನ ಜೇಬಿನಲ್ಲಿ, ಅವಳ ಬೆರಳುಗಳ ನಡುವೆ, ಒಂದು ಕರಿ ರಬ್ಬರ್ ಬುಷ್ ಬೆಚ್ಚಗೆ ಕೂತಿತ್ತು.

ಅಷ್ಟರಲ್ಲಿ ಹಾಲ್‌ನ ಸ್ಪೀಕರ್ ಮತ್ತೆ 'ಗರ್ರ್' ಎಂದಿತು.

ಮೈಕ್ ಮುಂದೆ ಹಾಡುತ್ತಿದ್ದ ಭಾಗ್ಯಶ್ರೀ ತಟ್ಟನೆ ನಿಲ್ಲಿಸಿದಳು. ಅದು ಅವಳ ಅಜ್ಜಿಯ ಬೀಸುವ ಹಾಡು. ಒಂದೊಂದು ಸಾಲಿನ ಕೊನೆಗೂ ದನಿ ಕೆಳಗೆ, ಇನ್ನೂ ಕೆಳಗೆ, ಬಾವಿಯ ಮೆಟ್ಟಿಲು ಇಳಿದಂತೆ ಇಳಿಯಬೇಕು. ಸರಿಯಾಗಿ ಕೊನೆಯ ಮೆಟ್ಟಿಲಿಗೆ ಬಂದಾಗಲೇ ಸ್ಪೀಕರ್ ಗೊರಕೆ ಹೊಡೆಯುತ್ತಿತ್ತು.

ಮರುದಿನ ಕ್ವಾರ್ಟರ್ಸಿನ ಕನ್ನಡ ಬಳಗದ ಕಾರ್ಯಕ್ರಮ. ಸ್ಪೀಕರ್ ನಿತಿನಣ್ಣನದು. ಮಾದಾಪುರದ ಕಂಪನಿಗೆ ಸೇರಿದ ಮೇಲೆ ಅವನು ಮೊದಲು ತಂದದ್ದೇ ಅದನ್ನು. ದಿನಾ ಬೆಳಿಗ್ಗೆ ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತಿದ್ದರೂ, ಮೆತ್ತನೆ ಬಟ್ಟೆಯಿಂದ ಅದರ ಮೈ ಒರೆಸಿಯೇ ಹೊರಡುತ್ತಿದ್ದ. ತನಗೆ ಇನ್ನೊಬ್ಬ ಮಗ ಹುಟ್ಟಿದ್ದಾನೆ, ಆದರೆ ಬರೀ ಕಿರುಚುತ್ತಾನೆ ಎಂದು ಅವನ ಅವ್ವ ಎಲ್ಲರಿಗೂ ಹೇಳುತ್ತಿದ್ದರು.

ಆ ಸ್ಪೀಕರ್ ಸೋಮವಾರ ಹಾಲ್‌ಗೆ ಬಂದಿತ್ತು. ಅವತ್ತು ಎಲ್ಲರೂ ಪ್ರಾಕ್ಟೀಸ್ ಮಾಡುವಾಗ ಅಪೂರ್ವ ಮೂಲೆಯಲ್ಲಿ, ಸ್ಟೀಲ್ ಟೇಬಲ್ಲಿನ ಪಕ್ಕ ಕೂತಿದ್ದಳು. ಅವಳು ಯಾವಾಗಲೂ ಮೂಲೆಯಲ್ಲೇ ಕೂರುವುದು. ಕ್ಲಾಸಿನಲ್ಲಿ 'ಎಸ್ ಮಿಸ್' ಎನ್ನುವುದು ಟೀಚರಿಗೆ ಕೇಳಿಸದೆ, ಬೆಂಚಿನ ಮೇಲೆ ಕೂತಿದ್ದಾಗಲೇ ಎರಡು ಸಲ ಆಬ್ಸೆಂಟ್ ಆದವಳು. ಸ್ಪೀಕರಿನ ತಳಕ್ಕೆ ಕಾಲಿನಂತೆ ಸಿಕ್ಕಿಸಿದ್ದ ರಬ್ಬರ್ ಬುಷ್‌ಗಳಲ್ಲಿ ಒಂದು ಸ್ವಲ್ಪ ಹೊರಗೆ ಇಣುಕುತ್ತಿತ್ತು. ಉಗುರಿನಿಂದ ಕೆದಕಿದಳು. ಅಲ್ಲಾಡಿತು. ಎಳೆದಳು. ಬಂದೇಬಿಟ್ಟಿತು.

ಎಂಥ ಒಳ್ಳೆಯ ಬಿಲ್ಲೆ ಅದು! ಕುಂಟಬಿಲ್ಲೆ ಆಡುವಾಗ ಅಪೂರ್ವಾಳ ಕಲ್ಲು ಯಾವಾಗಲೂ ಎಗರಿ ಗೆರೆ ದಾಟಿ ಹೋಗುತ್ತಿತ್ತು. ಬುಷ್ ಎಗರಲಿಲ್ಲ. ಎಸೆದರೆ 'ಥಪ್' ಎಂದು ಬಿದ್ದಲ್ಲೇ ಕೂರುತ್ತಿತ್ತು. ಆ ಸಂಜೆ ಅವಳು ಮೊದಲ ಸಲ ಭಾಗ್ಯಶ್ರೀಯನ್ನು ಸೋಲಿಸಿದಳು.

"ಎಲ್ಲಿಂದ ತಂದಿಯಲೇ ಇದನ್ನ? ಬೆಲ್ಲದಂಗ ಅಂಟ್ಕೊಂಡು ಕುಂದ್ರತೈತಲ್ಲ" ಎಂದು ಭಾಗ್ಯಶ್ರೀ ನಕ್ಕಿದ್ದಳು. ಅಪೂರ್ವ ಅದನ್ನು ಬೇಗ ಜೇಬಿಗೆ ಸೇರಿಸಿದ್ದಳು.

ಗೊರಕೆ ಶುರುವಾದದ್ದು ಮಂಗಳವಾರದಿಂದ.

ನಿತಿನಣ್ಣ ವೈರ್ ಬದಲಿಸಿದ. ಮೈಕ್ ಬದಲಿಸಿದ. ಮೈಕಿನೊಳಗೆ ಊದಿ ಊದಿ ತನ್ನ ಕೆನ್ನೆಯೇ ಕೆಂಪಾಗಿಸಿಕೊಂಡ. ಇವತ್ತು ಕೊನೆಗೆ ಕೈ ಚೆಲ್ಲಿ ನಿಂತ.

"ನನ್ನ ಸ್ಪೀಕರ್ ಸರಿ ಐತ್ರಿ ಆಂಟಿ. ಈಕಿ ದನಿ ಭಾಳ ದಪ್ಪ ಐತಿ, ಅದು ತಡಕೊಳ್ಳವಲ್ದು."

ಕಾರ್ಯಕ್ರಮದ ಜವಾಬ್ದಾರಿ ಗುಣವತಿ ಆಂಟಿಯದು. ಅವರು ಸ್ವಲ್ಪ ಯೋಚಿಸಿ, ದಿನಾ ಕೇಳಿ ಕೇಳಿ ಅಪೂರ್ವಾಳಿಗೂ ಹಾಡು ಬಾಯಿಗೆ ಬಂದಿರಬೇಕು, ಅವಳೇ ಹಾಡಲಿ ಎಂದರು. ಅಪೂರ್ವ ಒಂದು ಸಾಲು ಹಾಡಿದಳು. ಸ್ಪೀಕರ್ ಗೊರಕೆ ಹೊಡೆಯಲಿಲ್ಲ.

ಎಷ್ಟು ಕ್ಲಿಯರ್ ನೋಡ್ರಿ ಎಂದ ನಿತಿನಣ್ಣ.

"ಕ್ಲಿಯರ್ ಏನೋ ಖರೇನಪಾ, ಕೇಳಸಲೇ ಇಲ್ಲಲ್ಲ" ಎಂದರು ಆಂಟಿ. ಆದರೂ ಚೀಟಿಯಲ್ಲಿ ಭಾಗ್ಯಶ್ರೀಯ ಹೆಸರು ಹೊಡೆದು ಹಾಕಿ ಅಪೂರ್ವ ಎಂದು ಬರೆದರು. ಆಮೇಲೆ ಎಲ್ಲರೂ ಚಹಾಕ್ಕೆ ಹೊರಗೆ ಹೋದರು.

ಭಾಗ್ಯಶ್ರೀ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಹೊಸ ಬ್ಲಾಕಿನ ಕಟ್ಟಡ ಕಾಣುತ್ತದೆ. ಅವಳ ಅವ್ವ ಬಂಡೆಮ್ಮ ಅಲ್ಲೇ ಇಟ್ಟಿಗೆ ಹೊರುವುದು.

"ನೀನ ಹಾಡು. ನನ್ನ ದನ್ಯಾಗ ಏನೋ ಒಡದೈತಿ" ಎಂದಳು ಭಾಗ್ಯಶ್ರೀ. "ಅವ್ವಗ ಮಾತ್ರ ಹೇಳಬ್ಯಾಡ. ಆಕಿ ನಾಳೆ ಕೆಲಸ ಬಿಟ್ಟು ಕೇಳಾಕ ಬರಾಕತ್ತಾಳ."

ಅಪೂರ್ವಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಸಿಮೆಂಟಿನ ಅಂಗಳದಲ್ಲಿ ನಿನ್ನೆಯ ಚೌಕಗಳು ಇನ್ನೂ ಅಳಿಸಿರಲಿಲ್ಲ. ಭಾಗ್ಯಶ್ರೀಯ ಕಲ್ಲುಬಿಲ್ಲೆ ಅಲ್ಲೇ ಬಿದ್ದಿತ್ತು. ಸುಮ್ಮನೆ ಎತ್ತಿ ಎಸೆದಳು. ಟಣ್, ಟಣ್, ಟಣ್. ಕಲ್ಲು ಮೂರು ಸಲ ಕುಣಿಯಿತು. ಬುಷ್ ಎಸೆದಳು. ಥಪ್.

ಮತ್ತೊಮ್ಮೆ ಕಲ್ಲು. ಮತ್ತೊಮ್ಮೆ ಬುಷ್.

ಕಲ್ಲು ಕುಣಿಯುತ್ತದೆ. ರಬ್ಬರ್ ಆ ಕುಣಿತವನ್ನೆಲ್ಲ ನುಂಗಿಬಿಡುತ್ತದೆ.

ಅಪೂರ್ವ ಒಳಗೆ ಓಡಿದಳು. ಟೇಬಲ್ಲಿಗೆ ಕೆನ್ನೆ ತಾಗಿಸಿ ಸ್ಪೀಕರಿನ ಅಡಿಯಲ್ಲಿ ನೋಡಿದಳು. ಮೂರು ಮೂಲೆಗೆ ಮೂರು ಬುಷ್. ನಾಲ್ಕನೇ ಮೂಲೆಯ ಕೆಳಗೆ ಏನೂ ಇರಲಿಲ್ಲ. ಡಬ್ಬದ ಆ ಅಂಚು ಸ್ಟೀಲಿಗೆ ತಾಗಿಯೂ ತಾಗದಂತೆ ನಿಂತಿತ್ತು.

ಮೈಕಿನಲ್ಲಿ ಒಂದೇ ಒಂದು ಸಾಲು ಹಾಡು ಎಂದು ಅವಳು ಭಾಗ್ಯಶ್ರೀಯನ್ನು ಕಾಡಿದಳು. ಭಾಗ್ಯಶ್ರೀ ಬೇಸರದಿಂದಲೇ ಹಾಡಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ 'ಗರ್ರ್'. ಅಪೂರ್ವ ಆ ಮೂಲೆಯ ಮೇಲೆ ಅಂಗೈಯಿಟ್ಟು ಗಟ್ಟಿಯಾಗಿ ಒತ್ತಿದಳು. ಹಿಡಿದ ಪಾರಿವಾಳದ ಎದೆಯಂತೆ ಏನೋ ಅಂಗೈಯೊಳಗೆ ಪಟಪಟ ನಡುಗಿತು. ಗೊರಕೆ ಮಾತ್ರ ನಿಂತೇಹೋಯಿತು. ಭಾಗ್ಯಶ್ರೀ ನಿಲ್ಲಿಸದೆ ಮುಂದಿನ ಸಾಲಿಗೆ ಹೋದಳು; ಅವಳ ದಪ್ಪ, ತುಂಬಿದ ದನಿ ಖಾಲಿ ಹಾಲ್‌ನಲ್ಲಿ ಸುತ್ತಾಡಿತು.

ಇನ್ನೇನು ಬೇಕು? ನಾಳೆ ಹಾಡು ಮುಗಿಯುವವರೆಗೂ ಇಲ್ಲೇ ಕೈ ಒತ್ತಿಕೊಂಡು ನಿಂತರಾಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಈ ಉಪಾಯ ಅಪೂರ್ವಾಳಿಗೆ ತುಂಬಾ ಹಿಡಿಸಿತು.

ಆದರೆ ಹಾಡು ಕೇಳಿ ಎಲ್ಲರೂ ಒಳಗೆ ಬಂದರು. ನಿತಿನಣ್ಣನ ಕಣ್ಣು ಬಿದ್ದದ್ದು ಅವಳ ಕೈ ಮೇಲೆ.

"ಏ ಅಪೂರ್ವಾ, ಕೈ ತಗೀವಾ, ಶಾಕ್ ಹೊಡದೀತು."

ಅಪೂರ್ವ ಬೆಚ್ಚಿ ಕೈ ತೆಗೆದಳು. ಗರ್ರ್.

ನಾನು ಹೇಳಿರಲಿಲ್ಲವೇ ಎಂಬಂತೆ ನಿತಿನಣ್ಣ ಆಂಟಿಯ ಕಡೆ ನೋಡಿದ. ಭಾಗ್ಯಶ್ರೀ ಮೈಕನ್ನು ಟೇಬಲ್ಲಿನ ಮೇಲಿಟ್ಟಳು. ಇಡುವಾಗ ಇನ್ನೊಂದು ಕೈ ಗಂಟಲಿನ ಮೇಲಿತ್ತು, ಒಳಗೆ ಒಡೆದದ್ದು ಎಲ್ಲಿ ಎಂದು ಹುಡುಕುವಂತೆ.

ಅಪೂರ್ವ ಆ ಕೈಯನ್ನೇ ನೋಡಿದಳು. ತಾನು ಎಷ್ಟು ಒತ್ತಿ ಹಿಡಿದರೂ ಸುಮ್ಮನಾಗುವುದು ಸ್ಪೀಕರ್ ಮಾತ್ರ. ಭಾಗ್ಯಶ್ರೀ ನಾಳೆಯೂ, ನಾಡಿದ್ದೂ ಹೀಗೇ ಗಂಟಲು ಮುಟ್ಟಿಕೊಂಡು ನೋಡುತ್ತಾಳೆ.

ಅವಳು ಜೇಬಿನಿಂದ ಬುಷ್ ತೆಗೆದು ಮೈಕಿನ ಪಕ್ಕ ಇಟ್ಟಳು. ಥಪ್. ಎಲ್ಲರೂ ತಿರುಗಿದರು. ಅಪೂರ್ವ ಟೇಬಲ್ಲಿನ ಮೇಲೆ ಬಾಗಿದಳು. ಮೈಕ್ ಇನ್ನೂ ಆನ್ ಇತ್ತು. ಹಾಗಾಗಿ ಅವಳ ಸಣ್ಣ ದನಿ ಹಾಲ್‌ನ ಕೊನೆಯ ಕುರ್ಚಿಯವರೆಗೂ ಸ್ಪಷ್ಟವಾಗಿ ಕೇಳಿಸಿತು.

"ಭಾಗ್ಯಾನ ದನಿ ಒಡದಿಲ್ಲ. ಬುಷ್ ನಾ ಕಿತ್ತೀನಿ."