ಕತ್ತರಿ ಮುಟ್ಟದ ಎಲೆ

ಬಟ್ಟೆಯ ಮಡಿಕೆ ಬಿಚ್ಚುತ್ತಿದ್ದ ದಾನೇಶ್ವರಿಯ ಕೈ ಅರ್ಧಕ್ಕೇ ನಿಂತಿತು. ಮರದ ಬಲಗಡೆಯ ಕೊಂಬೆ ಬೋಳಾಗಿತ್ತು.

ಮರವೆಂದರೆ ನೆಲದಲ್ಲಿ ಬೆಳೆದದ್ದಲ್ಲ. ಗೋಡೆಯಷ್ಟು ಅಗಲದ ಬಿಳಿ ಬಟ್ಟೆಯ ಮೇಲೆ ವರ್ಷವಿಡೀ ಕೂತು ಅವಳೇ ಹೊಲಿದ ವಂಶವೃಕ್ಷ. ಬುಡದಲ್ಲಿ ಅವಳ ಅಪ್ಪ ಬೂದೆಪ್ಪನವರ ಹೆಸರು. ಮೇಲೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು— ಒಬ್ಬೊಬ್ಬರಿಗೂ ಹಸಿರು ಬಟ್ಟೆಯ ಒಂದೊಂದು ಎಲೆ, ಎಲೆಯ ಮೇಲೆ ಹಳದಿ ದಾರದಲ್ಲಿ ಹೆಸರು. ಇನ್ನೆರಡು ತಾಸಿಗೆ ಅದು ವೇದಿಕೆಯ ಮೇಲೆ ತೂಗಬೇಕಿತ್ತು. ಅಂದು ‘ಬೂದೆಪ್ಪನವರ ವಂಶಸ್ಥರ ಸಂಘ’ದ ವಾರ್ಷಿಕ ಕೂಟ. ಪುಣೆ, ಸೊಲ್ಲಾಪುರ, ರಾಯಚೂರುಗಳಿಂದ ಬಂದ ನೆಂಟರೆಲ್ಲ ಸಭಾಭವನದ ಕೋಣೆಗಳಲ್ಲೇ ಇಳಿದಿದ್ದರು.

ಬಲಗಡೆಯ ಕೊಂಬೆಯಲ್ಲಿ ನಾಲ್ಕು ಎಲೆಗಳಿರಬೇಕಿತ್ತು. ಹಂಪಯ್ಯ ಇರಲಿಲ್ಲ. ಅವರ ಹೆಂಡತಿ ಸುಗಲಮ್ಮ ಇರಲಿಲ್ಲ. ಮಗಳು ತೇಜಸ್ವಿನಿ ಇರಲಿಲ್ಲ. ಮಗ ಬೂದೆಪ್ಪನ ಎಲೆಯೊಂದು ಮಾತ್ರ ಒಂಟಿಯಾಗಿ ಅಂಟಿಕೊಂಡಿತ್ತು— ಅಜ್ಜನ ಹೆಸರು ಹೊತ್ತ ಮೊಮ್ಮಗನ ಎಲೆ.

ಚೂರುಗಳು ದಿವಾನದ ಹಿಂದೆ ಸಿಕ್ಕವು. ಪಕ್ಕದಲ್ಲೇ ಸಣ್ಣ ಕತ್ತರಿ. ಕತ್ತರಿ ದಾನೇಶ್ವರಿಯದು.

ಮಿಯಾಪುರದ ಆ ಫ್ಲಾಟು ಅವಳ ಅಣ್ಣ ವೀರಭದ್ರಪ್ಪನದು. ಸಂಘದ ಅಧ್ಯಕ್ಷನೂ ಅವನೇ. ಅವನು ಚೂರುಗಳನ್ನು ನೋಡಿದ, ಕತ್ತರಿಯನ್ನು ನೋಡಿದ, ಆಮೇಲೆ ತಂಗಿಯ ಮುಖ ನೋಡಿದ.

“ದಾನಿ, ಬ್ಯಾಡಾಗಿತ್ತಂದ್ರ ಬಾಯಿಲೆ ಹೇಳಬೇಕಿತ್ತು. ಕತ್ತರಿ ಯಾಕ ಹಿಡದಿ?”

“ನಾ ಹಿಡದಿಲ್ಲಣ್ಣ.”

“ಮತ್ತ ಆ ಒಂದು ಎಲಿ ಯಾಕ ಉಳೀತು? ಅಪ್ಪನ ಹೆಸರಿಗೆ ಕತ್ತರಿ ಹಾಕಾಕ ಮಗಳ ಕೈ ಬರಲಿಲ್ಲ. ಅಷ್ಟ.”

ಅಲ್ಲವೆಂದರೆ ನಂಬುವವರು ಯಾರು? ದಾನೇಶ್ವರಿಯ ಹೊಟ್ಟೆಕಿಚ್ಚು ಬಂಧುಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ಅದನ್ನವಳು ಸೆರಗಿನ ಮರೆಯಲ್ಲಿ ಇಟ್ಟುಕೊಂಡವಳೇ ಅಲ್ಲ.

ಕಥೆ ಇಷ್ಟೇ. ನಿಜಾಮನ ಕಾಲದಲ್ಲಿ ಲಿಂಗಸುಗೂರಿನ ಕಡೆಯಿಂದ ಬಂದ ಬೂದೆಪ್ಪನವರು ಸುಲ್ತಾನ್ ಬಜಾರಿನಲ್ಲಿ ಬಟ್ಟೆಯಂಗಡಿ ಹಾಕಿದರು, ಇಲ್ಲೇ ಮದುವೆಯಾದರು, ಎಂಟು ಮಕ್ಕಳ ತಂದೆಯಾದರು. ಊರಿನಲ್ಲಿ ಮೊದಲೇ ಒಂದು ಮದುವೆಯಾಗಿತ್ತು, ಒಬ್ಬ ಮಗನೂ ಇದ್ದ ಎಂಬುದನ್ನು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಹೈಟೆಕ್ ಸಿಟಿ ಬಂತು. ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಹುಡುಗನೊಬ್ಬ ಇಂಟರ್ನೆಟ್ಟಿನಲ್ಲಿ ಸಂಘದ ಪುಟ ನೋಡಿ, ‘ನಾನೂ ನಿಮ್ಮವನೇ’ ಎಂದು ಬಂದು ನಿಂತ. ಅವನ ಹೆಸರು ಬೂದೆಪ್ಪ. ಅವನಪ್ಪ ಹಂಪಯ್ಯನೇ ಆ ಮೊದಲ ಮಗ. ಊರಿನ ಹಿರಿಯರು ಬಂದು ಹೌದೆಂದರು, ಸಂಘವೂ ಹೌದೆಂದಿತು.

ದಾನೇಶ್ವರಿ ಮಾತ್ರ ಉರಿದುಹೋದಳು. ಅವರು ಕೊಂಡಾಪುರದಲ್ಲಿ ಲಿಫ್ಟಿರುವ ಫ್ಲಾಟು ಕೊಂಡರು, ಕಾರು ಕೊಂಡರು— ಅದನ್ನೆಲ್ಲ ಹೇಗೋ ನುಂಗಿಕೊಂಡಳು. ಆದರೆ ಅಪ್ಪನ ಹೆಸರು? ತನ್ನ ಮಗನಿಗೆ ಆ ಹೆಸರಿಡಬೇಕೆಂದು ಎಷ್ಟು ಹಟ ಹಿಡಿದಿದ್ದಳು. ಗಂಡನ ಮನೆಯವರು ಒಪ್ಪಲಿಲ್ಲ; ಹುಡುಗ ಕಾರ್ತಿಕನಾದ. ಅಪ್ಪನ ಮುಖವನ್ನೇ ನೋಡದ ಯಾವನೋ ಈಗ ಆ ಹೆಸರನ್ನು ಕೊರಳಿನ ಗುರುತಿನ ಚೀಟಿಯಲ್ಲಿ ತೂಗುಬಿಟ್ಟುಕೊಂಡು ಆಫೀಸಿಗೆ ಹೋಗುತ್ತಾನೆ. “ಎಲ್ಲಾ ತಗೊಳ್ಳಲಿ, ನಮ್ಮಪ್ಪನ ಹೆಸರು ಅವರಿಗ್ಯಾಕ?” ಎಂದು ಸಂಘದ ಸಭೆಯಲ್ಲೇ ಕೇಳಿದ್ದಳು. ಆ ಎಲೆ ಹೊಲಿಯುವಾಗ ಬೇಕೆಂದೇ ದಾರ ಬಿಗಿ ಎಳೆದು, ಬಟ್ಟೆ ಸುಕ್ಕಾಗಿ, ಮತ್ತೆ ಬಿಚ್ಚಿ ಹೊಲಿದಿದ್ದಳು. ಆ ಹುಡುಗನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ.

“ಹೋಗ್ಲಿ ಬಿಡ್ರಿ,” ಎಂದಳು ಅತ್ತಿಗೆ ಗುರುದೇವಿ, ಗಂಡನ ತೋಳು ಹಿಡಿದು. “ಆಕಿಗೂ ಸಂಕಟ ಇರತೈತಿ. ಆ ಹುಡುಗನ ಎಲಿ ಆದ್ರೂ ಬಿಟ್ಟಾಳಲ್ಲ.”

ಬೈಗುಳಕ್ಕಿಂತ ಆ ಕನಿಕರವೇ ಹೆಚ್ಚು ಚುಚ್ಚಿತು. ಗುರುದೇವಿ ಎಂದರೆ ಹಾಗೆಯೇ. ಯಾರಿಗೂ ಕೆಟ್ಟವಳಲ್ಲ. ಕೂಟದಲ್ಲಿ ಹಿರಿಯ ಮಗ-ಸೊಸೆ ಮೊದಲ ದೀಪ ಹಚ್ಚಬೇಕೆಂಬುದು ಸಂಘದ ಪದ್ಧತಿ. ಹಂಪಯ್ಯ ವೀರಭದ್ರಪ್ಪನಿಗಿಂತ ಎರಡು ವರ್ಷ ದೊಡ್ಡವನೆಂದು ಗೊತ್ತಾದಾಗ “ಆಗಲಿ, ಅವರ ಹಚ್ಚಲಿ” ಎಂದು ಮೊದಲು ಅಂದವಳೇ ಇವಳು. ಸುಗಲಮ್ಮನಿಗೆಂದು ಸುಲ್ತಾನ್ ಬಜಾರಿಗೆ ಹೋಗಿ ತಾನೇ ಸೀರೆ ತಂದಿದ್ದಳು. ಅಂಥವಳ ಪಕ್ಕದಲ್ಲಿ ನಿಂತರೆ ದಾನೇಶ್ವರಿಗೆ ತಾನು ಮತ್ತಷ್ಟು ಸಣ್ಣವಳಾದೆ ಅನಿಸುತ್ತಿತ್ತು. ಅದಕ್ಕೂ ಹೊಟ್ಟೆಕಿಚ್ಚೇ.

ವೀರಭದ್ರಪ್ಪ ತೀರ್ಪು ಕೊಟ್ಟೇಬಿಟ್ಟ. ಹಂಪಯ್ಯನವರು ಬಂದ ಮೇಲೆ ಅವರ ಕಾಲಿಗೆ ಬಿದ್ದು ತಪ್ಪಾಯಿತು ಅನ್ನಬೇಕು. ಅನ್ನದಿದ್ದರೆ ಕೂಟಕ್ಕೂ ಬರಬಾರದು, ಇನ್ನು ಮುಂದೆ ಈ ಮನೆಯ ಹೊಸ್ತಿಲನ್ನೂ ತುಳಿಯಬಾರದು. ದಾನೇಶ್ವರಿಗೆ ತವರೆಂದು ಉಳಿದಿದ್ದು ಅದೊಂದೇ ಹೊಸ್ತಿಲು.

ಅವಳ ಗಂಡ ಮಲ್ಲಿನಾಥ ರಕ್ಷಣಾ ಕಾರ್ಖಾನೆಯೊಂದರ ತನಿಖೆ ನಡೆಸುವ ವಿಜಿಲೆನ್ಸ್ ವಿಭಾಗದಲ್ಲಿ ಆಯುಷ್ಯ ಕಳೆದು ನಿವೃತ್ತನಾದ ಮನುಷ್ಯ. ನೆಲದ ಮೇಲೆ ಕೂತು ಚೂರುಗಳನ್ನು ಜೋಡಿಸುತ್ತಿದ್ದ.

“ನಾಕು ಪ್ರಶ್ನೆ ಕೇಳಲೇನ್ರಿ?” ಎಂದ.

“ಹೆಂಡತಿ ಪರ ವಕೀಲಕಿ ಮಾಡಾಕತ್ತೀರೇನು?”

“ಮಾಡಿದ್ರ ನಿಮಗ ಗೊತ್ತಾಗತೈತಿ. ಬಟ್ಟಿ ಮಡಚಿದ್ದು ಯಾವಾಗ?”

ನಿನ್ನೆ ಮಧ್ಯಾಹ್ನ, ಊಟವಾದ ಮೇಲೆ— ದಾನೇಶ್ವರಿ ಹೇಳಿದಳು. ಆಗ ಎಲ್ಲ ಎಲೆಗಳೂ ಇದ್ದವು. ಕತ್ತರಿ ಹೊಲಿಗೆಯ ಚೀಲದಲ್ಲಿತ್ತು, ಚೀಲ ಹಾಲಿನಲ್ಲೇ ಇತ್ತು. ಆಮೇಲೆ? ಗಂಡಸರಿಬ್ಬರೂ ಸಭಾಭವನ ನೋಡಲು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಿದ್ದರು. ದಾನೇಶ್ವರಿ ಒಳಗೆ ಮಲಗಿ ನಿದ್ದೆ ಹೋಗಿದ್ದಳು. ಗುರುದೇವಿ ಅಡುಗೆಮನೆಯಲ್ಲಿ ಉಂಡೆ ಕಟ್ಟುತ್ತಿದ್ದಳಂತೆ. ನಡುವೆ ಕೊಂಡಾಪುರದ ಹುಡುಗ ಹೂವಿನ ಬುಟ್ಟಿ ಕೊಡಲು ಬಂದು ಹಾಲಿನಲ್ಲಿ ಒಬ್ಬನೇ ಸ್ವಲ್ಪ ಹೊತ್ತು ಕೂತಿದ್ದ.

“ಹಂಗಾದ್ರ ಆ ಹುಡುಗನೂ ಆಗಬಹುದಲ್ಲ?” ಎಂದ ವೀರಭದ್ರಪ್ಪ. “ತನ್ನದೊಂದು ಬಿಟ್ಟು ಉಳಿದದ್ದು ಕತ್ತರಿಸಿರಬೇಕು.”

ಮಲ್ಲಿನಾಥ ಉಳಿದ ಎಲೆಯನ್ನು ಬೆರಳಲ್ಲಿ ಎತ್ತಿ ತೋರಿಸಿದ. ತುದಿಯ ಎರಡು ಹೊಲಿಗೆಗಳು ಹರಿದಿದ್ದವು. ಕತ್ತರಿ ಅದರ ಕೆಳಗೂ ನುಗ್ಗಿತ್ತು. ಹೆಸರಿನ ಹತ್ತಿರ ಬಂದು ನಿಂತಿತ್ತು.

“ತನ್ನದು ಬಿಡಬೇಕು ಅನ್ನಾಂವ ಅದಕ್ಕ ಕತ್ತರಿ ಯಾಕ ಇಡತಾನ? ಇದನ್ನೂ ತಗೀಬೇಕಂತ ಶುರು ಮಾಡಿದವರು ನಡುವ ನಿಂತಾರ. ಹುಡುಗ ಅಲ್ಲ.”

“ನಾನೂ ಅದನ್ನ ಹೇಳಾಕತ್ತೀನಿ. ಮಗಳ ಕೈ ನಿಂತೇತಿ,” ಎಂದ ವೀರಭದ್ರಪ್ಪ.

ತನ್ನ ಗಂಡನೇ ತನ್ನನ್ನು ಕಟ್ಟಿ ಒಪ್ಪಿಸುತ್ತಿದ್ದಾನಲ್ಲ ಎಂದು ದಾನೇಶ್ವರಿಗೆ ಸಿಟ್ಟೂ ಬಂತು, ಅಳುವೂ ಬಂತು.

ಮಲ್ಲಿನಾಥ ಜೋಡಿಸಿದ ಚೂರುಗಳ ಕಡೆಗೇ ನೋಡುತ್ತಿದ್ದ. ಹಂಪಯ್ಯನ ಎಲೆ ಎರಡು ತುಂಡಾಗಿತ್ತು. ತೇಜಸ್ವಿನಿಯದೂ ಎರಡೇ. ಸುಗಲಮ್ಮನ ಎಲೆ ಮಾತ್ರ ಜೋಡಿಸಲು ಬಾರದ ಹಾಗೆ ಪುಡಿಪುಡಿಯಾಗಿತ್ತು.

ಅಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು. ಕೂಟಕ್ಕೆ ಕೂಡಿಯೇ ಹೋಗೋಣವೆಂದು ಹಂಪಯ್ಯ, ಸುಗಲಮ್ಮ, ಮಗ ಬಂದಿದ್ದರು; ಮಗಳು ತೇಜಸ್ವಿನಿ ಆಗಲೇ ಸಭಾಭವನಕ್ಕೆ ಹೋಗಿದ್ದಳು. ಮುಚ್ಚಿಡಲು ಸಮಯವಿರಲಿಲ್ಲ. ಹಂಪಯ್ಯ ಬೋಳು ಕೊಂಬೆಯನ್ನು ನೋಡಿ ಕುರ್ಚಿ ಹಿಡಿದ. ಸುಗಲಮ್ಮ ಹೊಸ ಸೀರೆಯಲ್ಲೇ ನೆಲದ ಮೇಲೆ ಕೂತು, ತನ್ನ ಹೆಸರಿನ ಪುಡಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಮಗನ ಕಡೆ ತಿರುಗಿ, “ಧಣಿ, ನಿಮ್ಮಪ್ಪಗ ಒಂದೀಟು ನೀರು ತಾ,” ಎಂದಳು.

ಮಲ್ಲಿನಾಥ ತಲೆ ಎತ್ತಿದ. “ಮನ್ಯಾಗ ಮಗನಿಗೆ ಧಣಿ ಅಂತ ಕರೀತೀರೇನ್ರಿ, ಅಕ್ಕಾರ?”

“ಮತ್ತೇನಂತ ಕರೀಲ್ರಿ? ಹುಟ್ಟಿದಾಗ ಇವರು ಅಜ್ಜನ ಹೆಸರಿಟ್ಟುಬಿಟ್ರು. ಮಾವನ ಹೆಸರು ಸೊಸಿ ಹೆಂಗ ಅನ್ನೂದು? ನಾ ಅವರ ಮಾರಿ ಸೈತ ನೋಡಿಲ್ಲ. ಆದ್ರೂ ಬಾಯಿ ಬರಾಂಗಿಲ್ಲ.”

ಮಲ್ಲಿನಾಥ ಎದ್ದು ನಿಂತ. ಬಟ್ಟೆಯನ್ನು ಎತ್ತಿ ಗುರುದೇವಿಯ ಮುಂದೆ ಹಿಡಿದ.

“ಅಕ್ಕಾರ, ಈ ಎಲಿ ಮ್ಯಾಲೆ ಏನೈತಿ, ಓದ್ರಿ.”

ಗುರುದೇವಿ ಹಿಂದೆ ಸರಿದಳು. “ಕನ್ನಡಕ ಒಳಗೈತಿ.”

“ನಿಮ್ಮ ತಲಿ ಮ್ಯಾಲೈತ್ರಿ.”

ಅವಳ ಕೈ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಅವಳು ಅದನ್ನು ಕಣ್ಣಿಗೆ ಇಳಿಸಲಿಲ್ಲ. ವೀರಭದ್ರಪ್ಪ ಹೆಂಡತಿಯನ್ನೂ ಮಲ್ಲಿನಾಥನನ್ನೂ ನೋಡಿದ, ಅವನಿಗಿನ್ನೂ ಬಗೆಹರಿದಿರಲಿಲ್ಲ.

“ಆ ಎಲಿ ಯಾಕ ಉಳೀತು ಅಂತ ನೀವ ಕೇಳಿದ್ರಿ,” ಎಂದ ಮಲ್ಲಿನಾಥ. “ಸರಿಯಾದ ಪ್ರಶ್ನೆ. ಉತ್ತರ ತಪ್ಪು. ಈ ಮನ್ಯಾಗ ಎರಡು ಹೊಟ್ಟಿಕಿಚ್ಚು ಅದಾವ. ಒಂದು ನಮ್ಮಾಕಿದು. ಮೂವತ್ತು ವರ್ಷ ಅದರ ಜೋಡಿ ಸಂಸಾರ ಮಾಡೀನಿ, ಅದು ಎಲ್ಲಿ ಉರೀತೈತಿ ನನಗ ಗೊತ್ತು. ಹಂಪಯ್ಯನವರ ಮ್ಯಾಲೆ ಅಲ್ಲ, ಸುಗಲಮ್ಮನವರ ಮ್ಯಾಲೂ ಅಲ್ಲ. ಅಪ್ಪನ ಹೆಸರು ಆ ಹುಡುಗಗ ಹೋತಲ್ಲ, ಅಲ್ಲಿ. ದಾನಿ ಕತ್ತರಿ ಹಿಡದಿದ್ರ ಆ ಒಂದು ಎಲಿ ಮೊದಲು ಹೋಗತಿತ್ತು. ಉಳಿದ ಮೂರು ಉಳೀತಿದ್ದವು.”

ದಾನೇಶ್ವರಿ ತಲೆ ತಗ್ಗಿಸಿದಳು. ನಿಜ. ಆ ಎಲೆಯ ಮುಂದೆ ಕತ್ತರಿ ಹಿಡಿದು ಎಷ್ಟೋ ಸಲ ಕೂತಿದ್ದಳು. ಮನಸ್ಸಿನಲ್ಲಿ ಅದನ್ನು ಎಷ್ಟು ಬಾರಿ ಕತ್ತರಿಸಿದ್ದಳೋ ಲೆಕ್ಕವಿಲ್ಲ.

“ಎರಡನೇ ಹೊಟ್ಟಿಕಿಚ್ಚು ಯಾರದು?” ವೀರಭದ್ರಪ್ಪನ ದನಿ ಇಳಿದಿತ್ತು.

“ಪುಡಿಯಾದದ್ದು ಯಾರ ಎಲಿ ನೋಡ್ರಿ. ಸುಗಲಮ್ಮನವರದು. ಇವತ್ತ ದೀಪ ಹಚ್ಚವರು ಇವರು. ಇವರು ಬಂದ್ರ ಹಿರಿಸೊಸಿ ಅನ್ನೂದು ಯಾರ ಕೈಯಿಂದ ಹೋಗತೈತಿ? ಮೂರು ಎಲಿ ಕತ್ತರಿಸಿ ನಾಕನೇದಕ್ಕ ಕತ್ತರಿ ಇಟ್ಟಾರ. ಹೆಸರು ಕಂಡೇತಿ. ಬಾಯಿಲೆ ಅನ್ನದ ಹೆಸರಿಗೆ ಕತ್ತರಿ ಹೆಂಗ ಹಾಕೂದು? ನೀವು ಮಗ, ದಿನಾ ನೂರು ಸಲ ಆ ಹೆಸರು ಅಂತೀರಿ. ಈಕಿ ಮಗಳು, ಈಕಿಗೂ ಅಡ್ಡಿಯಿಲ್ಲ. ನಿನ್ನೆ ಈ ಮನ್ಯಾಗ ಆ ಹೆಸರು ಅನ್ನದವರು ಒಬ್ಬರ ಇದ್ರು. ನೀವು ಆಗಲೇ ‘ಅಪ್ಪನ ಹೆಸರಿಗೆ ಕತ್ತರಿ’ ಅಂದ್ರಿ. ಅವರು ‘ಆ ಹುಡುಗನ ಎಲಿ’ ಅಂದ್ರು.”

ದಾನೇಶ್ವರಿಗೆ ತನ್ನ ಮೇಲೇ ನಾಚಿಕೆಯಾಯಿತು. ತಾನೂ ಒಂದು ಮನೆಯ ಸೊಸೆ. ಮಲ್ಲಿನಾಥನ ಅಪ್ಪನ ಹೆಸರನ್ನು ಇವತ್ತಿನವರೆಗೂ ಉಚ್ಚರಿಸಿಲ್ಲ. ಆದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಗುರುದೇವಿ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ.

“ಮದಿವ್ಯಾಗಿ ಬಂದಾಗಿಂದ ಹಿರಿಸೊಸಿ, ಹಿರಿಸೊಸಿ ಅಂತ ಎಲ್ಲರೂ ಕರದ್ರು,” ಎಂದಳು. “ಸೀರಿ ತಂದುಕೊಟ್ಟೆ. ದೀಪಾನೂ ಕೊಡ್ತೀನಿ ಅಂದೆ. ಬಾಯಿ ಅಂತು, ಕೈ ಕೇಳಲಿಲ್ಲ. ನನಗೂ ಇಷ್ಟು ಉರಿ ಐತಂತ ಗೊತ್ತಿರಲಿಲ್ಲ.” ಆಮೇಲೆ ನಾದಿನಿಯ ಕಡೆ ತಿರುಗಿದಳು. “ನಿನ್ನ ಮ್ಯಾಲೆ ಬರತೈತಿ ಅಂತ ಗೊತ್ತಿತ್ತು, ದಾನಿ. ಗೊತ್ತಿದ್ದೂ ಸುಮ್ಮನಿದ್ದೆ.”

ವೀರಭದ್ರಪ್ಪನಿಗೆ ಯಾರ ಮುಖ ನೋಡಬೇಕೆಂದು ತಿಳಿಯಲಿಲ್ಲ. ಸುಗಲಮ್ಮ ಮೆಲ್ಲಗೆ ಎದ್ದು ಗುರುದೇವಿಯ ಹತ್ತಿರ ಹೋದಳು.

“ನೀ ಮಾವನವರಿಗೆ ಅನ್ನ ಹಾಕಿದಾಕಿ, ತಂಗಿ. ನಾ ಬರೇ ಹೆಸರು ಬಾಯಾಗ ಇಟಗೊಂಡು ಬದುಕಿದಾಕಿ,” ಎಂದಳು. “ನಾವಿಬ್ರೂ ಒಂದ ಮನಿ ಸೊಸ್ತೇರು, ನೆಗೆಣ್ಣೇರು. ದೀಪದ ಕಂಬ ದೊಡ್ಡದಿರತೈತಿ, ಇಬ್ಬರ ಕೈ ಹಿಡೀತಾವ.”

ಗುರುದೇವಿ ಆಗ ಅತ್ತಳು.

ವೀರಭದ್ರಪ್ಪ ತಂಗಿಗೆ ಏನೋ ಹೇಳಲು ಬಂದ. ದಾನೇಶ್ವರಿ ಕೇಳಿಸಿಕೊಳ್ಳಲಿಲ್ಲ, ಮೂರು ಎಲೆ ಹೊಲಿಯುವುದಿತ್ತು. ಹಸಿರು ಬಟ್ಟೆಯ ಚೂರು ಹುಡುಕಿ ಕತ್ತರಿಸಿ, ದಾರ ಪೋಣಿಸಿ ಕೂತಳು. ಸುಗಲಮ್ಮ ಎಂಬ ನಾಲ್ಕಕ್ಷರ ಮುಗಿಯುವಷ್ಟರಲ್ಲಿ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ತನ್ನ ಅವಮಾನಕ್ಕೆ ಕಾರಣಳಾದ ಗುರುದೇವಿಗೆ ಒಬ್ಬ ಅಕ್ಕ ಸಿಕ್ಕಿದಳು, ಬೈಸಿಕೊಂಡ ತನಗೇನು ಸಿಕ್ಕಿತು? ಹೊಟ್ಟೆಯೊಳಗಿನ ಉರಿ ಎಲ್ಲಿಗೂ ಹೋಗಿರಲಿಲ್ಲ. ಕೊನೆಗೆ ಉಳಿದ ಎಲೆಯ ತುದಿಯ ಆ ಎರಡು ಹೊಲಿಗೆಗಳನ್ನು ಹಾಕಬೇಕಿತ್ತು. ಬಟ್ಟೆಯ ಆ ಬದಿ ಜಾರುತ್ತಿತ್ತು; ಯಾರಾದರೂ ಹಿಡಿದುಕೊಳ್ಳಬೇಕು.

ಸುಗಲಮ್ಮ “ಧಣಿ” ಎಂದದ್ದು ಹುಡುಗನಿಗೆ ಕೇಳಿಸಲಿಲ್ಲ. “ತಂಗಿ, ಇವನನ್ನ ನೀ ಕರೀ,” ಎಂದು ಗುರುದೇವಿಗೆ ಅಂದಳು. “ನೀವ ಕರೀರಿ, ಅಕ್ಕಾ,” ಎಂದಳು ಗುರುದೇವಿ. ಇಬ್ಬರೂ ಬಾಲ್ಕನಿಯಲ್ಲಿ ನಿಂತಿದ್ದ ಹುಡುಗನ ಕಡೆ ಕೈ ಮಾಡಿ ತಡವರಿಸಿದರು.

ದಾನೇಶ್ವರಿ ಸೂಜಿ ಹಿಡಿದ ಕೈ ನಿಲ್ಲಿಸಿದಳು. ಆ ಹೆಸರನ್ನು ಬಾಯಿ ತುಂಬ ಕರೆಯಬಲ್ಲ ಹೆಂಗಸು ಅಲ್ಲಿ ತಾನೊಬ್ಬಳೇ ಎಂಬುದು ಆಗ ಹೊಳೆಯಿತು. ಅಪ್ಪ ಸತ್ತ ಮೇಲೆ ಆ ಹೆಸರಿಗೆ ಓಗೊಡುವವರು ಈ ಮನೆಯಲ್ಲಿ ಯಾರೂ ಇರಲಿಲ್ಲ.

“ಬೂದೆಪ್ಪಾ,” ಎಂದು ಕರೆದಳು.

“ಬಂದೆ ಅತ್ತಿ,” ಎಂದು ಹುಡುಗ ಒಳಗೆ ಬಂದ.