ನಿದ್ದೆ ನುಂಗಿದ ಕೋಣ ಮತ್ತು ಹೊಳೆಯ ಕ್ಯಾನು

ಇದು ನಡೆದದ್ದು ಬಹಳ ಹಿಂದೆ, ಮಲೆಗಂಬ ಎಂಬ ರಾಜ್ಯದಲ್ಲಿ, ಅಲ್ಲಿ ಯಾರಿಗೂ ನಿದ್ದೆ ಬಾರದ ಮೂರನೆಯ ವರ್ಷ, ರಾಗಿ ಕೊಯ್ಲಾದ ಮೇಲೆ.

ನಿದ್ದೆ ಕದ್ದವನು ಮಾಂತ್ರಿಕ ಧೂಮಕೇಶ. ಅವನಿಗೆ ಮೋಡ ಮುಟ್ಟುವ ಗೋಪುರ ಬೇಕಿತ್ತು. ಮಲಗದ ಜನ ಹಗಲೂ ರಾತ್ರಿ ಕೆಲಸ ಮಾಡುತ್ತಾರೆ. ಅವನು ಎಲ್ಲರ ನಿದ್ದೆಯನ್ನೂ ಒಂದು ಕಲ್ಲುಕೋಣಕ್ಕೆ ನುಂಗಿಸಿದ. ಕಾವಲು ತಪ್ಪಬಾರದೆಂದು ತನ್ನ ನಿದ್ದೆಯನ್ನೂ ನುಂಗಿಸಿದ. ಕೋಣವನ್ನು ಗೋಪುರದ ಬಾಗಿಲಲ್ಲಿ ನಿಲ್ಲಿಸಿದ. ದಣಿವು ಮಿತಿ ಮೀರಿದವರು ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ಪೂರ್ತಿ ಕಲ್ಲಾದವರು ಗೋಪುರಕ್ಕೆ ಮೆಟ್ಟಿಲಾಗುತ್ತಿದ್ದರು.

ಚಂದವ್ವ ಹೆಂಡ ಹಾಕುವ ಮನೆಯ ಹುಡುಗಿ. ಅವಳ ಅಣ್ಣ ಕೆಂಚಣ್ಣ ಗೋಪುರದ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಅವಳು ಬುತ್ತಿ ಒಯ್ದಾಗ ಅವನ ಎರಡೂ ಪಾದ ಕಲ್ಲಾಗಿದ್ದವು.

"ನೋಯ್ತದಾ ಅಣ್ಣಾ?"

"ಇಲ್ಲ. ಇನ್ನು ಚಪ್ಪಲಿ ಹೊಲಿಸೋದು ಬೇಡ, ಅಷ್ಟೇ."

ಬಾಗಿಲಲ್ಲಿದ್ದ ಕೋಣ ನಿಧಾನವಾಗಿ ಕತ್ತು ಹೊರಳಿಸಿತು.

"ಹೆಂಡದ ಮನೆಯವಳಲ್ಲವಾ ನೀನು? ಎಲ್ಲರ ನಿದ್ದೆಯೂ ನನ್ನ ಹೊಟ್ಟೆಯಲ್ಲಿದೆ. ನನಗೆ ಮಾತ್ರ ನಿದ್ದೆಯಿಲ್ಲ. ಹದವಾದ ರಾಗಿ ಹೆಂಡ ಕುಡಿಸಿದರೆ ಮಲಗುತ್ತೇನೆ. ಮಲಗಿದರೆ ಬಾಯಿ ತೆರೆಯುತ್ತೇನೆ. ಒಳಗಿನ ನಿದ್ದೆಗಳು ಹೊರಗೆ ಹೋಗಲಿ. ಹೊತ್ತು ಹೊತ್ತು ಸಾಕಾಗಿದೆ."

ಇದು ಧೂಮಕೇಶನಿಗೂ ಗೊತ್ತಿತ್ತು. ಅದಕ್ಕೇ ಅವನು ದಿನವೂ ಗೋಪುರದ ತುದಿಯಲ್ಲಿ ನಿಂತು ಮಂತ್ರ ಹೇಳುತ್ತಿದ್ದ: "ಹೆಂಡ ಹೊತ್ತ ಮಣ್ಣೇ, ಒಡೆ. ಹೆಂಡ ಹೊತ್ತ ಮರವೇ, ಸೋರು. ಹೆಂಡ ಹೊತ್ತ ತಾಮ್ರವೇ, ಕಿಲುಬು ಹಿಡಿ." ಮಡಕೆ ಒಡೆಯುತ್ತಿತ್ತು, ಮರದ ಮರಿಗೆ ಸೋರುತ್ತಿತ್ತು, ಹಂಡೆ ಹಸಿರಾಗುತ್ತಿತ್ತು.

ರಾಜ್ಯದ ಅಂಚಿನಲ್ಲಿ ಒಂದು ಹೊಳೆಯಿತ್ತು. ಅದು ಮುಂದೆ ಬರುವ ಕಾಲದಿಂದ ಹಿಂದಕ್ಕೆ ಹರಿಯುತ್ತಿತ್ತು. ನಾವು ಮದುವೆ ಮನೆಯಲ್ಲಿ ನೋಡುವ ಪ್ಲಾಸ್ಟಿಕ್ ನೀರಿನ ಕ್ಯಾನುಗಳು ಅದರಲ್ಲಿ ತೇಲಿ ಬರುತ್ತಿದ್ದವು. ಜನ ಅವನ್ನು ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಬೇರೆ ಉಪಯೋಗ ಯಾರಿಗೂ ತೋಚಿರಲಿಲ್ಲ.

ಚಂದವ್ವ ಒಂದು ಕ್ಯಾನು ತಂದಳು.

"ಕುಂಬಾರನಿಗೆ ಒಂದು ಸೇರು ಕಾಳು ಕೊಟ್ಟರೆ ಗಟ್ಟಿ ಮಡಕೆ ಸಿಗ್ತಿತ್ತು," ಎಂದಳು ದೊಡ್ಡವ್ವ. ಅವಳು ಮನೆಯ ಹಿರಿಯಳು.

"ಸಿಗ್ತಿತ್ತು, ದೊಡ್ಡವ್ವ. ಒಡೀತಿತ್ತು. ಇದು ಬಿಟ್ಟಿ."

"ಬಿಟ್ಟಿ ಬಂದದ್ದರ ಮುಖ ನೋಡು, ಒಳಗಿನ ಕರುಳೆಲ್ಲ ಕಾಣ್ತದೆ."

ಮೊಳಕೆ ಬರಿಸಿ ಬೀಸಿದ ರಾಗಿಯನ್ನು ಬೇಯಿಸಿ, ಆರಿಸಿ, ಹುದುಗಿನ ಉಂಡೆ ಪುಡಿಮಾಡಿ ಹಾಕಿ, ಕ್ಯಾನಿಗೆ ತುಂಬಿದರು. ಬಾಯಿಗೆ ಮುಚ್ಚಳ ಬಿಗಿದು, ಮೇಲೆ ಬಟ್ಟೆ ಕಟ್ಟಿ, ಕೆಮ್ಮಣ್ಣು ಮೆತ್ತಿದರು. ಅವರ ಮನೆಯಲ್ಲಿ ಮಡಕೆಗೆ ಹಾಗೇ ಮಾಡುತ್ತಿದ್ದರು. ಧೂಮಕೇಶ ಮಂತ್ರ ಹೇಳಿದ. ಕ್ಯಾನಿಗೆ ಏನೂ ಆಗಲಿಲ್ಲ. ಆದರೆ ಅದು ದಿನೇ ದಿನೇ ಉಬ್ಬಿತು, ಕೊನೆಗೆ ಸಿಡಿಯಿತು. ದೊಡ್ಡವ್ವ ತಲೆಯ ಮೇಲಿನ ರಾಗಿ ಒರೆಸಿಕೊಂಡಳು.

ಕೆಂಚಣ್ಣ ಸೊಂಟದವರೆಗೆ ಕಲ್ಲಾಗಿದ್ದ.

ಚಂದವ್ವ ಜಗಲಿಯಲ್ಲಿ ಕೂತು ಯೋಚಿಸಿದಳು. ಮಡಕೆಯ ಮೈ ಉಸಿರಾಡುತ್ತದೆ, ಕ್ಯಾನಿನ ಮೈ ಉಸಿರಾಡುವುದಿಲ್ಲ. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು.

ಅವಳು ಎರಡನೆಯ ಕ್ಯಾನು ತಂದಳು. ಮುಚ್ಚಳಕ್ಕೆ ತೂತು ಕೊರೆದು, ಪರಂಗಿ ಎಲೆಯ ಟೊಳ್ಳು ದಂಟು ಸಿಕ್ಕಿಸಿ, ಸುತ್ತ ಜೇನುಮೇಣ ಹಚ್ಚಿದಳು. ದಂಟಿನ ಇನ್ನೊಂದು ತುದಿಯನ್ನು ಬಾಗಿಸಿ ನೀರಿನ ಬಟ್ಟಲಲ್ಲಿ ಮುಳುಗಿಸಿದಳು. ಮಾರನೆಯ ದಿನವೇ ಬಟ್ಟಲಲ್ಲಿ ಗುಳ್ಳೆ ಏಳತೊಡಗಿತು.

"ಮಾತಾಡ್ತಾ ಇದೆ," ಎಂದಳು ದೊಡ್ಡವ್ವ.

"ಸಿಡಿಯೋದಿಲ್ಲ ಅಂತ ಹೇಳ್ತಾ ಇದೆ."

ಸಿಡಿಯಲಿಲ್ಲ. ಹುಳಿಯಾಯಿತು. ಕೋಣ ಮೂಸಿ ಮುಖ ತಿರುಗಿಸಿತು. "ಉಪ್ಪಿನಕಾಯಿಗೆ ಹಾಕು," ಎಂದಿತು.

ಕೆಂಚಣ್ಣ ಎದೆಯವರೆಗೆ ಕಲ್ಲಾಗಿದ್ದ. "ಇನ್ನು ಬರಬೇಡ ಚಂದೀ," ಎಂದ. "ಬುತ್ತಿ ಇಳಿಯೋದಿಲ್ಲ."

ಅವಳು ಖಾಲಿ ಕ್ಯಾನನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಳಗೆಲ್ಲ ಕೂದಲಿನಷ್ಟು ಸಣ್ಣ ಗೀರುಗಳಿದ್ದವು. ಎಷ್ಟು ತೊಳೆದರೂ ಹುಳಿ ವಾಸನೆ ಅಲ್ಲೇ ಕೂತಿತ್ತು.

"ದೊಡ್ಡವ್ವ, ಇದನ್ನು ಹೆಂಗೆ ತೊಳೆದೆ?"

"ಹೆಂಗೆ ಅಂದರೆ? ಮರಳು ಹಾಕಿ ಕುಲುಕಿದೆ, ನಾರು ಹಾಕಿ ತಿಕ್ಕಿದೆ. ನಮ್ಮ ಮನೆಯಲ್ಲಿ ತಿಕ್ಕದ ಪಾತ್ರೆಗೆ ನೀರೂ ತುಂಬೋದಿಲ್ಲ."

"ಇದಕ್ಕೆ ಮರಳು ಆಗೋದಿಲ್ಲ. ಗೀರು ಬೀಳ್ತದೆ. ಗೀರಲ್ಲಿ ಹುಳಿ ಉಳೀತದೆ."

ದೊಡ್ಡವ್ವ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟಳು. "ನನ್ನ ಕೈಗೆ ಕೊಡಬೇಡ ಹಾಗಾದರೆ," ಎಂದಳು.

"ನೀನೇ ತೊಳಿ. ಮೆತ್ತನೆ ಬಟ್ಟೆ, ಉಗುರುಬೆಚ್ಚಗಿನ ನೀರು, ಅಷ್ಟೇ."

ಮೂರನೆಯ ಕ್ಯಾನನ್ನು ದೊಡ್ಡವ್ವ ಕೂಸಿಗೆ ಸ್ನಾನ ಮಾಡಿಸುವ ಹಾಗೆ ತೊಳೆದಳು. ರಾಗಿ ತುಂಬಿದರು, ದಂಟು ಸಿಕ್ಕಿಸಿದರು, ನೆರಳಲ್ಲಿಟ್ಟರು. ಗುಳ್ಳೆ ಎದ್ದಿತು, ಕಡಿಮೆಯಾಯಿತು, ನಿಂತಿತು. ಚಂದವ್ವ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು.

ಕೆಂಚಣ್ಣ ಮೂಗಿನವರೆಗೆ ಕಲ್ಲಾಗಿದ್ದ. ಕಣ್ಣು ಮಾತ್ರ ಆಡುತ್ತಿತ್ತು.

ಧೂಮಕೇಶ ಗೋಪುರದ ತುದಿಯಿಂದ ಅವಳನ್ನು ಕಂಡ. ಮಣ್ಣಿನ ಮಂತ್ರ ಹೇಳಿದ, ಮರದ ಮಂತ್ರ ಹೇಳಿದ, ತಾಮ್ರದ ಮಂತ್ರ ಹೇಳಿದ.

"ಅದು ಯಾವುದರಿಂದ ಆದದ್ದು?" ಎಂದು ಕೂಗಿದ.

"ಗೊತ್ತಿಲ್ಲ," ಎಂದಳು ಚಂದವ್ವ. "ಹೊಳೆಯಲ್ಲಿ ಬಂತು."

ಹೆಸರು ಗೊತ್ತಿಲ್ಲದ್ದಕ್ಕೆ ಮಂತ್ರವಿಲ್ಲ. ಅವನು ಮೆಟ್ಟಿಲಿಳಿದು ಓಡತೊಡಗಿದ. ಮೆಟ್ಟಿಲುಗಳು ಬಹಳ ಇದ್ದವು. ಅಷ್ಟರಲ್ಲಿ ಕೋಣ ಕ್ಯಾನಿನ ತಳದವರೆಗೆ ಕುಡಿದಿತ್ತು.

"ಹದವಾಗಿದೆ," ಎಂದಿತು. ಮಂಡಿಯೂರಿತು, ಮಲಗಿತು, ಬಾಯಿ ತೆರೆಯಿತು.

ನಿದ್ದೆಗಳು ಹತ್ತಿಯ ಅರಳೆಯಂತೆ ಹೊರಬಂದು ತಮ್ಮ ತಮ್ಮವರನ್ನು ಹುಡುಕಿ ಹೋದವು. ಮೂರು ವರ್ಷದ ನಿದ್ದೆ ಧೂಮಕೇಶನಿಗೆ ಓಡುತ್ತಿರುವಾಗಲೇ ಬಂತು. ಅವನು ಅರ್ಧ ದಾರಿಯಲ್ಲೇ ಒರಗಿದ. ತಮ್ಮ ನಿದ್ದೆ ಮುಟ್ಟಿದ ಕೂಡಲೇ ಕಲ್ಲು ಕರಗಿ, ಮೆಟ್ಟಿಲಾಗಿದ್ದವರು ಒಬ್ಬೊಬ್ಬರಾಗಿ ಎದ್ದು, ಮೈ ಕೊಡವಿ, ಅವನನ್ನು ದಾಟಿ ಹೊರಗೆ ನಡೆದರು. ಮೆಟ್ಟಿಲಿಲ್ಲದ ಗೋಪುರ ಅವನ ಮೇಲೆ ಕುಸಿಯಿತು. ಅವನು ಇನ್ನೂ ಎದ್ದಿಲ್ಲ.

ಕೆಂಚಣ್ಣ ಒಂದು ಕಾಲು ಎತ್ತಿ ನೋಡಿದ, ಇನ್ನೊಂದು ಎತ್ತಿ ನೋಡಿದ.

"ಮನೆಗೆ ಹೋಗೋಣ್ವಾ ಅಣ್ಣಾ?"

"ದೂರ ಆಯ್ತದೆ," ಎಂದು ಅಲ್ಲೇ ಮಲಗಿದ. ಅವಳೂ ಪಕ್ಕದಲ್ಲಿ ಮಲಗಿದಳು.

ಅಂದಿನಿಂದ ಮಲೆಗಂಬದ ಜನ ದಣಿದಾಗ ಮಲಗಿದರು, ಎಚ್ಚರವಾದಾಗ ಎದ್ದರು. ಅದಕ್ಕಿಂತ ಹೆಚ್ಚಿನ ಸುಖವನ್ನು ಅವರು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಇಡೀ ರಾಜ್ಯದಲ್ಲಿ ಎದ್ದವರು ಏಳೇ ಜನ; ಉಳಿದವರು ಮೂರು ವರ್ಷದ ನಿದ್ದೆ ತೀರಿಸುತ್ತಿದ್ದರು.