ಬಿಳಿ ಟಗರಿನ ಹಿಂದಿನ ಓಣಿ

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಪುರಸಭೆಯ ಕಸದ ಗಾಡಿ ಓಣಿಯ ಬಾಯಲ್ಲಿ ನಿಂತುಬಿಟ್ಟಿತು. ಗುಡಿಸುವವನು ಪೊರಕೆಯನ್ನು ಗೋಡೆಗೊರಗಿಸಿ ಫೋನು ತೆಗೆದ. ಕಲ್ಲುಹಾಸಿನ ಮೇಲೆ ರಕ್ತ. ರಕ್ತದ ಸುತ್ತ ಒಡೆದ ಗಾಜು. ಒಂದು ಚೂರಿನ ಮೇಲೆ ಕೊಂಬು ಸುತ್ತಿದ ಟಗರಿನ ಮುಖ.

ಆ ಟಗರು ಯಾರದೆಂದು ಅಬರ್‌ವೆನ್ ಊರಿನಲ್ಲಿ ಕೇಳಬೇಕಾಗಿಲ್ಲ. ಓಣಿಗೆ ಬೆನ್ನು ಹಾಕಿ ನಿಂತಿರುವ 'ಬಿಳಿ ಟಗರು' ಪಬ್ಬಿನದು.

ಎಮ್ಲಿನ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗ್ಲೆನಿಸ್ ಪ್ರಾಸರ್ ಬಂದಾಗಿತ್ತು. ಪುರಸಭೆಯಲ್ಲಿ ಮದ್ಯದ ಲೈಸೆನ್ಸು ನೋಡಿಕೊಳ್ಳುವ ಅಧಿಕಾರಿ ಅವಳು. ಐವತ್ತೆಂಟರ ಹೆಂಗಸು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಎಮ್ಲಿನ್ ಅಳತೆ-ತೂಕದ ವಿಭಾಗದವನು. ಅಂಗಡಿಯ ತಕ್ಕಡಿ, ಬಂಕಿನ ಪೆಟ್ರೋಲ್ ಪಂಪು, ಪಬ್ಬಿನ ಗ್ಲಾಸು—ಇವುಗಳ ಅಳತೆ ಸರಿಯಿದೆಯೇ ಎಂದು ನೋಡುವುದು ಅವನ ಕಸುಬು. ಬೇರೆ ಊರಲ್ಲಿ ಹದಿನೆಂಟು ವರ್ಷ ಅದನ್ನೇ ಮಾಡಿ, ಕಳೆದ ವರ್ಷ ಇಲ್ಲಿಗೆ ಬಂದಿದ್ದ. ತಪಾಸಣೆಗೆ ಜೊತೆ ಬೇಕೆಂದು ಗ್ಲೆನಿಸ್ ಅವನನ್ನು ಎಳೆದುಕೊಂಡಿದ್ದಳು.

"ಗಾಜು ಕಣೋ," ಎಂದಳು. "ನಮ್ಮ ರೂಲು ಮೀರಿ ಗಾಜು ಹೊರಗೆ ಬಂದಿದೆ."

ಆ ರೂಲು ಅವಳದೇ ಕೂಸು. ಬಂದರು ಬೀದಿಯ ಹದಿನಾಲ್ಕು ಪಬ್ಬುಗಳೂ ರಾತ್ರಿ ಒಂಬತ್ತಾದ ಮೇಲೆ ಪ್ಲಾಸ್ಟಿಕ್ ಗ್ಲಾಸಿನಲ್ಲಷ್ಟೇ ಬಿಯರು ಕೊಡಬೇಕು. ಕುಡಿದವರ ಜಗಳವನ್ನು ನಿಲ್ಲಿಸುವುದು ದೇವರ ಕೈಲೂ ಆಗದು, ಆದರೆ ಜಗಳದವನ ಕೈಯಲ್ಲಿ ಗಾಜಿಲ್ಲದಂತೆ ಮಾಡಬಹುದಲ್ಲ ಎಂದು ಎರಡು ವರ್ಷ ಪುರಸಭೆಯ ಲೈಸೆನ್ಸು ಕಮಿಟಿಯವರ ತಲೆ ತಿಂದು ಮಾಡಿಸಿದ್ದಳು. ಮುಖ ಹೊಲಿಸಿಕೊಳ್ಳಲು ಆಸ್ಪತ್ರೆಗೆ ಬರುವವರು ಅರ್ಧಕ್ಕಿಂತ ಕಡಿಮೆಯಾಗಿದ್ದರು. ಈಗ ನೋಡಿದರೆ ಇದು.

ಗಾಯಗೊಂಡವನು ಇಯೆಸ್ಟಿನ್ ಎಂಬ ಇಪ್ಪತ್ತೆರಡರ ಹುಡುಗ. ಹಿಂದಿನ ರಾತ್ರಿ ಹನ್ನೊಂದಕ್ಕೆ ಗಲಾಟೆ ಮಾಡಿದನೆಂದು ಬಿಳಿ ಟಗರಿನ ಬಾಗಿಲು ಕಾಯುವ ಗೆಥಿನ್ ಅವನನ್ನು ಹೊರಗೆ ಹಾಕಿದ್ದ. ಹನ್ನೆರಡೂವರೆಗೆ ಅದೇ ಗೆಥಿನ್‌ಗೆ ಅವನು ಹಿಂಬಾಗಿಲಲ್ಲಿ ಕೆನ್ನೆ ಸೀಳಿಸಿಕೊಂಡು ಬಿದ್ದಿರುವುದು ಕಂಡಿತ್ತು. ಇನ್ನೇನು ಬೇಕು? ಸಾರ್ಜೆಂಟ್ ಮೊಸ್ಟಿನ್ ಲೆಕ್ಕ ಸಲೀಸಾಗಿ ಬಿಡಿಸಿದ. ಪಬ್ಬಿನ ಗ್ಲಾಸು, ಪಬ್ಬಿನ ಆಳು, ಪಬ್ಬಿನ ಹಿತ್ತಲು. ಪಬ್ಬಿನ ಲೈಸೆನ್ಸಿನ ತುರ್ತು ಮರುಪರಿಶೀಲನೆಗೆ ಆಗಲೇ ಬರೆದಿದ್ದ. ಮಂಗಳವಾರ ಹತ್ತು ಗಂಟೆಗೆ ಕಮಿಟಿ ತಲೆಯಾಡಿಸಿದರೆ ಹನ್ನೊಂದಕ್ಕೆ ಪಬ್ಬಿಗೆ ಬೀಗ.

ಪಬ್ಬಿಗೆ ಬೀಗ ಎಂದರೆ ಒಡತಿ ಒಲ್ವೆನ್‌ಗೆ ಮನೆಗೂ ಬೀಗ. ಅವಳು ಹುಟ್ಟಿದ್ದು ಪಬ್ಬಿನ ಮಹಡಿಯಲ್ಲಿ, ಗಂಡನನ್ನು ಕಳೆದುಕೊಂಡಿದ್ದೂ ಅಲ್ಲೇ. ಅವಳೂ ಗ್ಲೆನಿಸಳೂ ಒಂದೇ ಬೆಂಚಿನಲ್ಲಿ ಓದಿದವರು.

"ನಿಜ ಹೇಳೇ," ಎಂದಳು ಗ್ಲೆನಿಸ್. "ಗಾಜು ಇಟ್ಕೊಂಡಿದ್ದೀಯಾ?"

ಒಲ್ವೆನ್ ಮುಚ್ಚಿಡಲಿಲ್ಲ. ನೆಲಮಾಳಿಗೆಯಲ್ಲಿ ಹಳೆಯ ಗ್ಲಾಸುಗಳ ನಾಲ್ಕು ಪೆಟ್ಟಿಗೆಗಳಿದ್ದವು, ಎಲ್ಲದರ ಮೇಲೂ ಟಗರು. ಎಸೆಯಲು ಮನಸ್ಸು ಬಂದಿರಲಿಲ್ಲವಂತೆ. "ಆದ್ರೆ ಒಂದೂ ಮೇಲೆ ತಂದಿಲ್ಲ ಕಣೇ. ನನ್ನ ಗಂಡನಾಣೆ."

ಪೆಟ್ಟಿಗೆಗಳ ಮೇಲೆ ಬೆರಳುದಪ್ಪ ಧೂಳು ಕೂತಿದ್ದು ನಿಜ. ಆದರೆ ಧೂಳನ್ನು ಸಾಕ್ಷಿಕಟ್ಟೆ ಹತ್ತಿಸಲು ಬರುತ್ತದೆಯೇ? ಮೊಸ್ಟಿನ್ ಪೆಟ್ಟಿಗೆಗಳ ಫೋಟೋ ತೆಗೆಸಿದ.

ಗ್ಲೆನಿಸಳ ಮನೆ ಅದೇ ಓಣಿಯಲ್ಲಿ, ಐವತ್ತು ಹೆಜ್ಜೆ ಮೇಲಕ್ಕೆ. ಚಳಿಗೆ ಕೈ ಸೆಟೆದಿತ್ತು. ಚಹಾ ಕುಡಿದೇ ಹೋಗೋಣವೆಂದಳು. ಗಂಡ ಹೈವೆಲ್ ಬಾಗಿಲು ತೆರೆದ. ಅಗ್ನಿಶಾಮಕ ದಳದಿಂದ ನಿವೃತ್ತನಾಗಿ ಮೂರು ವರ್ಷ. ಎತ್ತರದ ಮನುಷ್ಯ, ನಗುಮುಖದವ. ಅವತ್ತು ಎಡಗೈಯಲ್ಲಿ ಚಹಾ ಬಗ್ಗಿಸಿದ. ಬಲಗೈಗೆ ಪಟ್ಟಿ. ರಾತ್ರಿ ಬಟಾಣಿ ಡಬ್ಬಿ ತೆರೆಯಲು ಹೋಗಿ ಕುಯ್ದುಕೊಂಡನಂತೆ, ಗ್ಲೆನಿಸಳೇ ಬೆಳಗಿನ ಜಾವ ಪಟ್ಟಿ ಕಟ್ಟಿದ್ದಳಂತೆ.

"ಒರೆಸಿದ ನೆಲದ ಮೇಲೆ ಬೂಟು ಹಾಕ್ಕೊಂಡು ಓಡಾಡ್ತೀರಲ್ಲ," ಎಂದು ಅವಳು ಗದರಿದಳು.

"ಕಾಲು ತಣ್ಣಗಾಗುತ್ತೆ," ಎಂದ ಹೈವೆಲ್. ಆಮೇಲೆ ಎಮ್ಲಿನ್ ಕಡೆ ತಿರುಗಿ, "ಆ ಹುಡುಗನ ಕಣ್ಣು ಉಳೀತಾ?" ಎಂದು ಕೇಳಿದ.

ಉಳಿಯಿತು, ಕೆನ್ನೆಗೆ ಹದಿನಾರು ಹೊಲಿಗೆ ಎಂದ ಎಮ್ಲಿನ್. ಹೈವೆಲ್ ಏನೋ ಹೇಳಲು ಬಾಯಿ ತೆರೆದವನು ಬಿಸ್ಕತ್ತು ತರಲು ಎದ್ದು ಹೋದ. ಗ್ಲೆನಿಸ್ ಲೋಟ ಅರ್ಧಕ್ಕೇ ಬಿಟ್ಟು ಎದ್ದಳು. ಕೂತಲ್ಲಿ ಕೂತು ಚಹಾ ಮುಗಿಸಿದ ಚರಿತ್ರೆಯೇ ಅವಳದಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಇಯೆಸ್ಟಿನ್ ಅರ್ಧ ಬಾಯಲ್ಲಿ ಮಾತಾಡಿದ. ಯಾರು ಹೊಡೆದರೋ ಗೊತ್ತಿಲ್ಲ. ಉಚ್ಚೆ ಹೊಯ್ಯಲು ಓಣಿಗೆ ಹೋಗಿದ್ದು ನೆನಪಿದೆ. ಯಾವುದೋ ಬಾಗಿಲು. ಹಿಂದಿನಿಂದ ಒಂದು ಕೂಗು. ತಾನೂ ಕೊಳಕು ಮಾತು ಬೈದೆನೇನೋ.

"ಗೆಥಿನ್ನಾ?" ಎಂದಳು ಗ್ಲೆನಿಸ್.

"ಗೊತ್ತಿಲ್ಲ ಆಂಟಿ. ಮುಖ ನೋಡ್ಲಿಲ್ಲ. ಬಿದ್ಮೇಲೆ ಕಾಲು ನೋಡ್ದೆ. ಚಪ್ಪಲಿ... ಮನೇಲಿ ಹಾಕ್ಕೋತಾರಲ್ಲ, ಉಣ್ಣೆದು."

ಇದನ್ನು ಮೊಸ್ಟಿನ್‌ಗೂ ಹೇಳಿದ್ದನಂತೆ. ಸಾರ್ಜೆಂಟ್ ಬರೆದುಕೊಳ್ಳಲೂ ಇಲ್ಲವಂತೆ. ಹತ್ತು ಪಿಂಟು ಬಿಯರು ಕುಡಿದವನಿಗೆ ಚಪ್ಪಲಿ ಏನು, ಕುದುರೆ ಲಾಳವೂ ಕಾಣುತ್ತದೆ. ಉಣ್ಣೆ ಚಪ್ಪಲಿ ಹಾಕಿಕೊಂಡು ಪಬ್ಬಿಗೆ ಯಾವನು ಬರುತ್ತಾನೆ ಎಂದು ನಕ್ಕನಂತೆ. ಎಮ್ಲಿನ್‌ಗೂ ನಗು ಬಂದಿತ್ತು. ಗ್ಲೆನಿಸ್ ನಗಲಿಲ್ಲ. ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಮತ್ತೆ ಕಿಟಕಿಗೆ ಬಂದಳು.

"ಗಾಜು ನೋಡ್ಬೇಕು, ನಡಿ," ಎಂದಳು.

ಠಾಣೆಯಲ್ಲಿ ಮೊಸ್ಟಿನ್ ಚೂರುಗಳನ್ನು ತಟ್ಟೆಯಲ್ಲಿ ಹರಡಿಟ್ಟ. ಕೈಗವಸು ಹಾಕಿಕೊಂಡು ಎಮ್ಲಿನ್ ಒಂದೊಂದನ್ನೇ ಹೊಂದಿಸಿದ. ಒಂದು ಗಂಟೆಯಲ್ಲಿ ಗ್ಲಾಸು ಹೆಚ್ಚುಕಡಿಮೆ ಪೂರ್ತಿಯಾಯಿತು. ತಳದಲ್ಲಿ ಉಗುರಿನಷ್ಟು ಚೂರು ಮಾತ್ರ ಇಲ್ಲ. ಅಂಚಿದೆ, ಮೈಯಿದೆ, ಟಗರಿದೆ. ಒಲ್ವೆನ್‌ಳ ನೆಲಮಾಳಿಗೆಯಿಂದ ತಂದ ಗ್ಲಾಸನ್ನು ಗ್ಲೆನಿಸ್ ಪಕ್ಕದಲ್ಲಿಟ್ಟಳು.

"ಅದೇ ಗ್ಲಾಸು," ಎಂದ ಎಮ್ಲಿನ್, ಮನಸ್ಸಿಲ್ಲದ ಮನಸ್ಸಿನಿಂದ. "ಅದೇ ಎತ್ತರ, ಅದೇ ಟಗರು. ಒಲ್ವೆನ್ ಸುಳ್ಳು ಹೇಳ್ತಿದ್ದಾರೆ ಅನ್ಸುತ್ತೆ."

"ಹದಿನೆಂಟು ವರ್ಷ ಏನು ನೋಡ್ತಾ ಬಂದ್ಯೋ ನೀನು?"

ಅವನಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ಅವಳು ಆಗಲೇ ಕೋಟಿನೊಳಗೆ ಕೈ ತೂರಿಸುತ್ತಿದ್ದಳು.

ಭಾನುವಾರ ಪಬ್ಬಿನಲ್ಲಿ ಗ್ಲೆನಿಸ್ ಒಲ್ವೆನ್‌ಳನ್ನು ಕೇಳಿದ್ದು ಒಂದೇ ಪ್ರಶ್ನೆ. ಮೂರು ವರ್ಷದ ಹಿಂದೆ ಪಬ್ಬಿಗೆ ನೂರು ತುಂಬಿದಾಗ ನೆನಪಿಗೆಂದು ಟಗರಿನ ಗ್ಲಾಸು ಕೊಟ್ಟಿದ್ದೆಯಲ್ಲ, ಯಾರ್ಯಾರಿಗೆ? ಆರು ಜನಕ್ಕೆ, ಪಬ್ಬಿನ ಡಾರ್ಟ್ಸ್ ಆಟದ ತಂಡದವರಿಗೆ ಎಂದಳು ಒಲ್ವೆನ್. ಉಡುಗೊರೆ ಅಂಗಡಿಯಲ್ಲಿ ಮಾಡಿಸಿದ್ದು.

"ಹೆಸರು ಬರೆದುಕೊಡು."

ಒಲ್ವೆನ್ ಅವಳ ಮುಖವನ್ನೇ ನೋಡಿದಳು. "ನಿಂಗೊತ್ತಿಲ್ವೇನೇ?"

"ಬರಿ ಅಂದ್ನಲ್ಲ."

ಬಿಯರು ಲೋಟದಡಿ ಇಡುವ ರಟ್ಟಿನ ಹಿಂದೆ ಒಲ್ವೆನ್ ಬರೆದುಕೊಟ್ಟಳು. ಗ್ಲೆನಿಸ್ ಐದು ಹೆಸರು ಓದಿ ಹೇಳಿ ರಟ್ಟನ್ನು ಜೇಬಿಗೆ ಹಾಕಿಕೊಂಡಳು. ಐದು ಗ್ಲಾಸನ್ನೂ ಕಣ್ಣಾರೆ ನೋಡಿ ಬಾ, ಆರನೆಯದು ನನಗಿರಲಿ ಎಂದಳು. ನೆಲಮಾಳಿಗೆಯಲ್ಲಿ ನೂರಾರು ಇರುವಾಗ ಈ ಆರರ ಬೆನ್ನು ಹತ್ತುವುದೇಕೆ? ಎಮ್ಲಿನ್ ಗೊಣಗುತ್ತಲೇ ಹೋದ. ಮೂರು ಶೋಕೇಸಿನಲ್ಲಿದ್ದವು. ನಾಲ್ಕನೆಯದರಲ್ಲಿ ಒಬ್ಬಳು ಅಜ್ಜಿ ಹಲ್ಲಿನ ಸೆಟ್ಟು ನೆನೆಹಾಕಿದ್ದಳು. ಐದನೆಯವನು ಸತ್ತು ವರ್ಷವಾಗಿತ್ತು. ಗ್ಲಾಸನ್ನು ಅವನ ಜೊತೆಗೇ ಹೂತಿದ್ದಾರೆ, ಶವಪೆಟ್ಟಿಗೆಗಿಟ್ಟಿದ್ದು ನಾನೇ ಎಂದು ಪಾದ್ರಿ ಆಣೆ ಮಾಡಿದ.

ಸಂಜೆ ಎಮ್ಲಿನ್ ಫೋನು ಮಾಡಿ ಇದನ್ನೆಲ್ಲ ಗ್ಲೆನಿಸಳಿಗೆ ಹೇಳಿದ.

"ಆರನೇದು ಸಿಕ್ತಾ?"

"ಮಂಗಳವಾರ ಸಭೆ ಹೊತ್ತಿಗೆ ಬಾ," ಎಂದು ಇಟ್ಟುಬಿಟ್ಟಳು.

ಮಂಗಳವಾರ ಹತ್ತಕ್ಕೆ ಪುರಸಭೆಯ ಮೇಲಿನ ಕೋಣೆಯಲ್ಲಿ ಮೂವರು ಸದಸ್ಯರು ಕೂತರು. ನಡುವೆ ಅಧ್ಯಕ್ಷೆ ಮಿಸೆಸ್ ಬೆಬ್. ಎದುರಿಗೆ ಫೈಲು ಹಿಡಿದ ಮೊಸ್ಟಿನ್, ನೀರಿಳಿದ ಮುಖದ ಗೆಥಿನ್, ಒಳ್ಳೆಯ ಟೋಪಿ ಹಾಕಿಕೊಂಡು ಬಂದ ಒಲ್ವೆನ್. ಪುರಸಭೆಯ ಯಾವ ಸಭೆಯಾದರೂ ಮೊದಲ ಬಾಬತ್ತು ಒಂದೇ. ಈ ವಿಷಯದಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದ್ದರೆ ಹೇಳಿ ಎಂದು ಅಧ್ಯಕ್ಷರು ಕೇಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ, ಎರಡನೆಯದಕ್ಕೆ ಹೋಗುತ್ತಾರೆ. ಮಿಸೆಸ್ ಬೆಬ್ ಕೇಳಿದ್ದೂ ಹಾಳೆ ತಿರುವುತ್ತಲೇ.

"ನನಗಿದೆ," ಎಂದು ಗ್ಲೆನಿಸ್ ಎದ್ದಳು.

ಹಾಳೆ ಅಲ್ಲಿಗೇ ನಿಂತಿತು.

"ಈ ದೇಶದಲ್ಲಿ ಬಿಯರು ಅಳೆದು ಮಾರೋ ಗ್ಲಾಸಿಗೆ ಸರ್ಕಾರದ ಅಳತೆ ಮುದ್ರೆ ಇರ್ಲೇಬೇಕು. ಗಾಜಾಗ್ಲಿ, ಪ್ಲಾಸ್ಟಿಕ್ಕಾಗ್ಲಿ. ಒಲ್ವೆನ್ ನೆಲಮಾಳಿಗೆಯ ಒಂದೊಂದು ಗ್ಲಾಸಿಗೂ ಅಂಚಿನ ಕೆಳಗೆ ಕಿರೀಟದ ಮುದ್ರೆ ಇದೆ. ಹುಡುಗನಿಗೆ ಹೊಡೆದ ಗ್ಲಾಸಿಗೆ ಅಂಚು ಪೂರ್ತಿ ಸಿಕ್ಕಿದೆ. ಮುದ್ರೆ ಎಲ್ಲಿದೆ, ಸಾರ್ಜೆಂಟ್?"

ಮೊಸ್ಟಿನ್ ಫೋಟೋ ಹತ್ತಿರ ಹಿಡಿದ, ದೂರ ಹಿಡಿದ. ಎಮ್ಲಿನ್ ಹಣೆ ಚಚ್ಚಿಕೊಂಡ. ಹದಿನೆಂಟು ವರ್ಷ ಆ ಕಿರೀಟವನ್ನು ಹುಡುಕುವುದೇ ಅವನ ಅನ್ನ. ಟಗರನ್ನು ನೋಡುತ್ತ ಕಿರೀಟವನ್ನೇ ಮರೆತಿದ್ದ.

"ಇಲ್ಲ," ಎಂದ ಮೊಸ್ಟಿನ್.

"ಇಲ್ಲ. ಯಾಕಂದ್ರೆ ಅದು ಪಬ್ಬಲ್ಲಿ ಮಾರೋ ಗ್ಲಾಸಲ್ಲ, ನೆನಪಿನ ಕಾಣಿಕೆ. ಅಂಥವು ಆರೇ ಆರು. ಐದು ಲೆಕ್ಕಕ್ಕೆ ಸಿಕ್ಕಿವೆ. ಅಂದ್ಮೇಲೆ ಗ್ಲಾಸು ಪಬ್ಬಿಂದ ಬರ್ಲಿಲ್ಲ, ಒಂದು ಮನೆಯಿಂದ ಬಂತು. ಹಿಡ್ಕೊಂಡವನೂ ಮನೆಯಿಂದ್ಲೇ ಬಂದ. ಉಣ್ಣೆ ಚಪ್ಪಲಿ ಅಂತ ಹುಡುಗ ಹೇಳ್ದಾಗ ನೀವು ನಕ್ಕುಬಿಟ್ರಿ. ಕುಡಿಯೋನು ಅಂದ್ರೆ ಪಬ್ಬಿಗೇ ಬರ್ಬೇಕು ಅಂತ ನಾವೆಲ್ಲ ಅಂದ್ಕೊಂಡಿದ್ವಿ. ನಾನೂ ಅಷ್ಟೇ."

"ಹಾಗಾದ್ರೆ ಆರನೇದು ಯಾರದು, ಮಿಸೆಸ್ ಪ್ರಾಸರ್?" ಎಂದರು ಮಿಸೆಸ್ ಬೆಬ್.

ಗ್ಲೆನಿಸ್ ಜೇಬಿನಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮ ಮನೇದು. ನನ್ನ ಗಂಡ ಹೈವೆಲ್ ಪ್ರಾಸರ್. ಭಾನುವಾರ ನಮ್ಮನೆ ಬೀರು ತೆಗೆದು ನೋಡ್ದೆ, ಗ್ಲಾಸಿರ್ಲಿಲ್ಲ. ಮಂಚದ ಕೆಳಗೆ ಚಪ್ಪಲಿ ಇರ್ಲಿಲ್ಲ, ರಕ್ತ ಆಗಿತ್ತು ಅಂತ ಬಿಸಾಕಿದ್ರು. ಶನಿವಾರ ಬೆಳಗಿನ ಜಾವ ಅವ್ರ ಕೈಗೆ ನಾನೇ ಪಟ್ಟಿ ಕಟ್ದೆ. ಬಟಾಣಿ ಡಬ್ಬಿ ಅಂದ್ರು, ನಂಬ್ದೆ. ಹುಡುಗ ನಮ್ಮ ಹೊಸ್ತಿಲ ಮೇಲೆ ಉಚ್ಚೆ ಹೊಯ್ದ, ಬೈದ. ಇವ್ರು ಸಂಜೆಯಿಂದ ಒಬ್ರೇ ಕೂತು ವಿಸ್ಕಿ ಕುಡೀತಿದ್ರು. ಪಬ್ಬಿನ ಹಿಂಬಾಗಿಲವರೆಗೂ ಅಟ್ಟಿಸ್ಕೊಂಡು ಹೋಗಿ ಕೈಲಿದ್ದ ಗ್ಲಾಸಲ್ಲೇ ಹೊಡೆದ್ರು. ಎಲ್ಲ ಒಪ್ಕೊಂಡಿದ್ದಾರೆ. ಇನ್ನೊಂದು. ಲೈಸೆನ್ಸಿನವರು ನಮ್ಮ ಮನೆಗೆ ಏನು ಕೊಟ್ರೂ ಪುರಸಭೆಯ ಪುಸ್ತಕದಲ್ಲಿ ಬರೆಸ್ಬೇಕು. ಒಂದು ಗ್ಲಾಸಿಗೇನು ಅಂತ ಮೂರು ವರ್ಷದ ಹಿಂದೆ ನಾನು ಬರೆಸ್ಲಿಲ್ಲ. ಅದೂ ನನ್ನ ತಪ್ಪೇ."

ಒಲ್ವೆನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸ್ನೇಹಿತೆಯ ಮನೆ ಉಳಿಸಲು ಇವಳು ತನ್ನ ಮನೆಯನ್ನೇ ಮೇಜಿನ ಮೇಲಿಟ್ಟಿದ್ದಳು.

ಹಿತಾಸಕ್ತಿ ಇದ್ದವರು ಕೋಣೆಯಲ್ಲಿ ಇರುವಂತಿಲ್ಲ, ನಿಯಮ. ಮಿಸೆಸ್ ಬೆಬ್ ಅದನ್ನು ಹೇಳಲು ತಡವರಿಸಿದರು. ಗ್ಲೆನಿಸ್ ಅಷ್ಟರಲ್ಲಿ ಬಾಗಿಲಲ್ಲಿದ್ದಳು.

ಹೊರಗಿನ ಬೆಂಚಿನ ಮೇಲೆ ಹೈವೆಲ್ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಕೂತಿದ್ದ. ಮೊಸ್ಟಿನ್ ಹಿಂದೆಯೇ ಬಂದಾಗ ಕೇಳುವ ಮೊದಲೇ ಎದ್ದ. ಗೆಥಿನ್‌ಗೆ ನನ್ನಿಂದ ತೊಂದರೆಯಾಯಿತು, ತಿಳಿಸಿಬಿಡಿ ಎಂದಷ್ಟೇ ಹೇಳಿ, ಹೆಂಡತಿಯ ಕಡೆ ನೋಡಲಾರದೆ ಮೆಟ್ಟಿಲಿಳಿದ.

ಒಳಗೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಹಳೆಯ ಗ್ಲಾಸನ್ನೆಲ್ಲ ವಾರದೊಳಗೆ ಸಾಗಹಾಕಬೇಕು, ಲೈಸೆನ್ಸು ಹಾಗೇ ಇರಲಿ ಎಂದರು. ಒಲ್ವೆನ್ ಹೊರಗೆ ಬಂದಳು. ಮನೆ ಉಳಿದವಳ ಗೆಲುವು ಮುಖದಲ್ಲಿರಲಿಲ್ಲ. ಗ್ಲೆನಿಸ್ ಬೆಂಚಿನ ಮೇಲೆ ಕೂತಿದ್ದಳು. ಅವಳು ಹೀಗೆ ಅಲುಗದೆ ಕೂತಿದ್ದನ್ನು ಎಮ್ಲಿನ್ ನೋಡಿದ್ದೇ ಇಲ್ಲ.

"ಶುಕ್ರವಾರ ರಾತ್ರಿ ಹದಿನಾಲ್ಕು ಬಾಗಿಲು ಹೊಕ್ಕು ಬಂದೆ ಕಣೇ," ಎಂದಳು. "ಯಾರು ಎಷ್ಟು ಕುಡಿದಿದ್ದಾರೆ, ಯಾರಿಗೆ ಸಾಕು ಅನ್ಬೇಕು ಅಂತ ಊರವರಿಗೆಲ್ಲ ಪಾಠ ಹೇಳ್ದೆ. ಮೂರು ವರ್ಷದಿಂದ ಪ್ರತಿ ಶುಕ್ರವಾರ ಅವ್ರು ಒಬ್ರೇ ಕೂತು ಕುಡೀತಿದ್ರಂತೆ. ನಾನು ನಮ್ಮನೆಗೆ ಹೋಗಿ ಒಂದಿನಾನೂ ಕೇಳ್ಲಿಲ್ಲ."

ಒಲ್ವೆನ್ ಅವಳ ಪಕ್ಕ ಕೂತಳು. ಅಡ್ಡಾದಿಡ್ಡಿ ಹಾಕಿದ್ದ ಅವಳ ಕೋಟಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿ, "ಏಳೇ, ಠಾಣೆಗೆ ನಾನೂ ಬರ್ತೀನಿ," ಎಂದಳು.